ಮೂಗಣ್ಣನ ಲೈಸೆನ್ಸ್

ಮೂಗಣ್ಣ ಎಂದರೆ ಮಾತು ಬಾರದವನಿರಬೇಕು ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಅವನೆದುರು ನಿಂತರೆ ಸಾಕು, ಆ ಅನುಮಾನ ಹಾರಿಹೋಗುತ್ತಿತ್ತು. ಬಾಯಿ ತೆರೆದರೆ ಸುಲಭಕ್ಕೆ ಮುಚ್ಚುವ ಆಸಾಮಿ ಅವನಲ್ಲ. ಹೆಸರು ಬಂದದ್ದು ಮೂಗಿನಿಂದ. ಯಾವ ಮನೆಯಲ್ಲಿ ಗ್ಯಾಸ್ ಎಳೆಯಷ್ಟು ಸೋರುತ್ತಿದ್ದರೂ ಮೆಟ್ಟಿಲ ಬುಡದಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಕೆಲಸ ಕಲಿಸಿದ ಮೇಸ್ತ್ರಿ ಗಿರಾಕಿಗಳ ಮುಂದೆ, "ನಂಗ್ಯಾಕ್ರೀ ಮೆಷಿನ್ನು? ಈ ಮೂಗಣ್ಣ ಇಲ್ವಾ?" ಎಂದು ಬೀಗುತ್ತಿದ್ದ. ಆ ಹೆಸರೇ ಅಂಟಿಕೊಂಡಿತು.

ಅವನ ಅರ್ಧ ಆಯುಷ್ಯ ಮೇಸ್ತ್ರಿಯ ಲೈಸೆನ್ಸಿನ ನೆರಳಲ್ಲೇ ಕಳೆದಿತ್ತು. ಅಡುಗೆಮನೆಗಳಿಗೆ ಪೈಪು ಎಳೆಯುವುದು, ವಾಲ್ವ್ ಕೂರಿಸುವುದು, ಒಲೆ ಜೋಡಿಸುವುದು ಎಲ್ಲ ಇವನ ಕೈಕೆಲಸ. ಕೊನೆಯಲ್ಲಿ ಬಂದು ಒಮ್ಮೆ ಕಣ್ಣಾಡಿಸಿ ಸಹಿ ಹಾಕುವುದು ಮೇಸ್ತ್ರಿ. ಆ ಮೇಸ್ತ್ರಿ ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಅಳು ನಿಲ್ಲುವ ಮೊದಲೇ ಅಂಗಡಿಗೆ ಬೀಗ ಬಿತ್ತು. ಲೈಸೆನ್ಸ್ ಇಲ್ಲದ ಕೈ ಗ್ಯಾಸ್ ಪೈಪು ಮುಟ್ಟುವಂತಿಲ್ಲ. ಮೊದಲಾದರೆ ಕದ್ದುಮುಚ್ಚಿ ನಡೆಯುತ್ತಿತ್ತು, ಈಗ ಸಿಕ್ಕಿಬಿದ್ದರೆ ಜೈಲು.

"ಹೋಗ್ಲಿ ಬಿಡಿ, ನೀವೇ ಪರೀಕ್ಷೆ ಕಟ್ಟಿ. ನಿಮಗೆ ಬರದೇ ಇರೋದು ಅದರಲ್ಲೇನಿದೆ?" ಎಂದಳು ಹೆಂಡತಿ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆಯ ಕಾಸು ಅವಳ ತಾಯಿಯ ಔಷಧಿಗೆ ಆದರೆ ಅದೇ ಹೆಚ್ಚು. ಅತ್ತೆಗೆ ಕಾಲು ನಡೆಯದಿದ್ದರೂ ನಾಲಿಗೆ ಚೆನ್ನಾಗಿ ನಡೆಯುತ್ತಿತ್ತು. "ಅಳಿಯಂದ್ರು ಪಾಸಾದ್ರೆ ನಾನು ಎದ್ದು ಕುಣೀತೀನಿ. ಅದಕ್ಕೆ ಹೆದರಿ ದೇವರು ಪಾಸು ಮಾಡ್ದೇ ಇರ್ತಾನೋ ಏನೋ" ಎಂದು ಮಂಚದಿಂದಲೇ ನಗಿಸುತ್ತಿದ್ದಳು.

ಮೂಗಣ್ಣ ನಿಯಮದ ಪುಸ್ತಕ ಹಿಡಿದು ಕೂತ. ಓದು ತಲೆಗೆ ಹತ್ತುವಷ್ಟರಲ್ಲಿ ಜ್ವರ ಬಂತು. ವಾರ ಮಲಗಿಸಿ ಎಬ್ಬಿಸಿತು. ಎದ್ದ ಮೇಲೆ ಚಹಾ ಕುಡಿದ, ಬಿಸಿನೀರು ಕುಡಿದಂತಿತ್ತು. ಬಾಯಿ ಕೆಟ್ಟಿದೆ ಅಂದುಕೊಂಡ. ಹೆಂಡತಿ ಪಕ್ಕದಲ್ಲಿ ಹಾದುಹೋದಳು, ಅವಳ ತಲೆಯೆಣ್ಣೆಯ ಘಮ ಬರಲಿಲ್ಲ. ಬಚ್ಚಲಿಗೆ ಹೋಗಿ ಸೋಪು ಮೂಸಿದ. ಅಡುಗೆಮನೆಯಲ್ಲಿ ಈರುಳ್ಳಿ ಜಜ್ಜಿ ಮೂಸಿದ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಕೊನೆಗೆ ಸೀಮೆಎಣ್ಣೆಯ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದು, ಯಾರೂ ನೋಡದಂತೆ ಹಿತ್ತಲ ಗೋಡೆಗೆ ಆತು ನಿಂತ. ಲೋಕಕ್ಕೆಲ್ಲ ಯಾರೋ ಬಿರಡೆ ಜಡಿದಂತಿತ್ತು.

ಯಾರಿಗೂ ಹೇಳಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದ. ಡಾಕ್ಟರ ಬಳಿ ಕದ್ದು ಹೋಗಿ ಬಂದ. ಪರೀಕ್ಷೆಯ ಅರ್ಜಿಯಲ್ಲಿ ಕಣ್ಣು, ಕಿವಿ, ಮೂಗು ಸರಿಯಾಗಿವೆ ಎಂದು ಬರೆದಿದ್ದ ಜಾಗದಲ್ಲಿ ಸಹಿ ಗೀಚಿದ.

ಒಂದು ಮುಸ್ಸಂಜೆ ಹೆಂಡತಿ ಒಲೆಯ ಮೇಲೆ ಹಾಲಿಟ್ಟು, "ನೋಡ್ಕೊಳ್ಳಿ" ಎಂದು ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಮೂಗಣ್ಣ ಒಲೆಗೆ ಬೆನ್ನು ಹಾಕಿ ಕೂತು ನಿಯಮ ಬಾಯಿಪಾಠ ಮಾಡುತ್ತಿದ್ದ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಅದು ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರ. ಅವನ ಬೆನ್ನ ಹಿಂದೆ ಹಾಲು ಉಕ್ಕಿತು, ಬೆಂಕಿ ಆರಿತು. ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಕರೆಂಟು ಹೋಯಿತು. ಅವನು ಕತ್ತಲಲ್ಲಿ ತಡಕಾಡಿ ಮೇಣದಬತ್ತಿ ಹುಡುಕಿ, ಬೆಂಕಿಪೊಟ್ಟಣ ತೆಗೆದು ಕಡ್ಡಿಯನ್ನು ಅದರ ಮೈಗೆ ಒತ್ತಿದ.

"ರೀ! ಗೀರ್ಬೇಡಿ! ಗೀರ್ಬೇಡಿ!"

ಬಾಗಿಲಲ್ಲಿ ಹೆಂಡತಿ ಕೈಯಲ್ಲಿದ್ದ ಬಟ್ಟೆ ಎಸೆದು ನುಗ್ಗಿದಳು. ಕತ್ತಲಲ್ಲೇ ಒಲೆಯ ನಾಬ್ ತಿರುಗಿಸಿದಳು, ಕಿಟಕಿ ತೆರೆದಳು, ಹಿತ್ತಲ ಬಾಗಿಲನ್ನು ಒದ್ದಂತೆ ತಳ್ಳಿದಳು. ಕೆಮ್ಮುತ್ತ ಬಂದು ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡಳು. ಅವನು ಕಡ್ಡಿ ಹಿಡಿದ ಬೆರಳುಗಳನ್ನು ಬಿಡಿಸಲಾರದೆ ಹಾಗೇ ಕೂತಿದ್ದ.

"ಮನೆಯೆಲ್ಲಾ ನಾರ್ತಾ ಇದೆ! ವಾಸನೆ ಬರ್ಲಿಲ್ವಾ ನಿಮಗೆ?"

"ಇಲ್ಲ" ಎಂದ ಅವನು.

"ಯಾವಾಗಿಂದ?"

"ಜ್ವರ ಬಂತಲ್ಲ ಕಣೇ, ಆವತ್ತಿಂದ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು. ಅಷ್ಟು ಹೇಳೋಕೆ ಡಾಕ್ಟ್ರೇ ಆಗ್ಬೇಕಾ?"

ಅವಳು ನೆಲದ ಮೇಲೆ ಕುಸಿದು ಕೂತಳು. ಒಳಗಿನ ಕೋಣೆಯಿಂದ ಅತ್ತೆ, "ಏನ್ರೇ ಅದು? ಯಾರು ಬಂದ್ರು?" ಎಂದು ಕೂಗುತ್ತಿದ್ದಳು.

"ನಾನು ಪರೀಕ್ಷೆಗೆ ಹೋಗಲ್ಲ" ಎಂದ ಮೂಗಣ್ಣ. "ಈ ಮೂಗಿಟ್ಕೊಂಡು ಇನ್ನೊಬ್ಬರ ಮನೆಗೆ ಗ್ಯಾಸ್ ಜೋಡಿಸ್ಲಾ? ಅಲ್ಲಿ ಮೂಗಿಗೇ ಒಂದು ಪರೀಕ್ಷೆ ಇದೆ."

ಆಗ ಹೆಂಡತಿಯ ಬಾಯಿಂದ ಬಂದ ಮಾತು ಅವನು ಎಣಿಸಿದ್ದಲ್ಲ. "ಹೋಗ್ದೆ ಏನು ಮಾಡ್ತೀರಿ? ಬೇರೆ ಯಾವ ಕೆಲಸ ಗೊತ್ತು ನಿಮಗೆ? ಅಮ್ಮನ ಗುಳಿಗೆ ನಿಲ್ಲಿಸ್ಲಾ? ಬಾಡಿಗೆ ಬಾಕಿ ಅಂತ ಓನರು ಮನೆ ಖಾಲಿ ಮಾಡಿ ಅಂದಾಗಿದೆ, ಅವಳನ್ನ ಹೊತ್ಕೊಂಡು ಎಲ್ಲಿಗೆ ಹೋಗ್ಲಿ? ನಿಮ್ಮ ಕೈ ಸರಿ ಇದೆ, ಕಣ್ಣು ಸರಿ ಇದೆ. ಸೋಪಿನ ನೊರೆ ಹಾಕಿದ್ರೆ ಗುಳ್ಳೆ ಏಳುತ್ತೆ, ಗುಳ್ಳೆ ನೋಡೋಕೆ ಮೂಗು ಬೇಕಾ? ಹೇಗಾದ್ರೂ ಮಾಡಿ ಪಾಸಾಗಿ ಬನ್ನಿ. ಹೇಗಾದ್ರೂ."

ತರಬೇತಿ ಕೇಂದ್ರದ ಹಿಂಭಾಗದಲ್ಲಿ ಸಾಲಾಗಿ ಪುಟ್ಟ ಕೋಣೆಗಳಿದ್ದವು. ಒಬ್ಬೊಬ್ಬರನ್ನೇ ಒಳಗೆ ಕರೆದೊಯ್ದು, ಗ್ಯಾಸ್ ಇದೆಯೋ ಇಲ್ಲವೋ ಎಂದು ಬರೀ ಮೂಗಿನಿಂದ ಹೇಳಿಸುವುದು ಪರೀಕ್ಷೆಯ ಕೊನೆಯ ಭಾಗ. ಪೈಪು ಕತ್ತರಿಸುವುದರಲ್ಲಿ, ಜಾಯಿಂಟ್ ಬಿಗಿಯುವುದರಲ್ಲಿ ಮೂಗಣ್ಣ ಸಲೀಸಾಗಿ ದಾಟಿದ್ದ. ಇಲ್ಲಿ ಬೆಂಚಿನ ಮೇಲೆ ಕೂತಾಗ ಅಂಗಿ ಬೆನ್ನಿಗೆ ಅಂಟಿತು. ಮುಂದೆ ಹೋದವರ ಮುಖ ನೋಡಿ ತಿಳಿಯೋಣವೆಂದರೆ ಅವರನ್ನು ಇನ್ನೊಂದು ಬಾಗಿಲಿಂದ ಹೊರಗೆ ಕಳಿಸುತ್ತಿದ್ದರು.

ಅವನ ಸರದಿ ಬಂತು. ಪರೀಕ್ಷಕರು ನರೆಗೂದಲಿನ ಸೌಮ್ಯ ಮನುಷ್ಯ. ಮೊದಲ ಕೋಣೆಯ ಬಾಗಿಲಲ್ಲಿ ಅವರು ಜೇಬಿನಿಂದ ಮೊಬೈಲ್ ತೆಗೆದು ಹೊರಗಿನ ಮೇಜಿನ ಮೇಲಿಟ್ಟರು. ಹಾಗೆ ಇಟ್ಟದ್ದು ಅವರ ಗಮನಕ್ಕೂ ಬಂದಿರಲಿಕ್ಕಿಲ್ಲ, ಹಳೆಯ ಅಭ್ಯಾಸ. ಮೂಗಣ್ಣನ ಕಣ್ಣು ಅಲ್ಲೇ ನೆಟ್ಟಿತು. ಗ್ಯಾಸ್ ಇರುವಲ್ಲಿಗೆ ಯಾವ ಗ್ಯಾಸಿನವನೂ ಫೋನ್ ಒಯ್ಯುವುದಿಲ್ಲ. ಒಳಗೆ ಹೋಗಿ ಮೂಗರಳಿಸಿ ಉಸಿರೆಳೆದ. ಬರೀ ತಣ್ಣನೆಯ ಗಾಳಿ.

"ಇದೆ ಸರ್. ಬಾಗಿಲು ತೆಗೀರಿ" ಎಂದ.

ಮುಂದಿನ ಕೋಣೆಗೆ ಹೋಗುವಾಗ ಅವರು ಫೋನು ಎತ್ತಿಕೊಂಡು, ಯಾರಿಗೋ ಏನೋ ಬರೆಯುತ್ತಲೇ ಒಳಗೆ ಬಂದರು.

"ಇಲ್ಲ ಸರ್. ಏನೂ ಇಲ್ಲ."

"ಒಳ್ಳೆ ಮೂಗಪ್ಪಾ ನಿನ್ದು" ಎಂದು ನಕ್ಕರು ಪರೀಕ್ಷಕರು. ಮೂಗಣ್ಣನೂ ನಕ್ಕ.

ಲೈಸೆನ್ಸ್ ಬಂದ ದಿನ ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ಅತ್ತಳು. ಅತ್ತೆ ಮಂಚದಲ್ಲೇ ಭುಜ ಕುಣಿಸಿ ಮಾತು ಉಳಿಸಿಕೊಂಡಳು. ಮೊದಲ ಕೆಲಸವೂ ಬೇಗ ಸಿಕ್ಕಿತು. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಡುವ, ಎರಡು ಬೀದಿ ಆಚೆಯ ಶಿಶುವಿಹಾರ. ಅದರ ಅಡುಗೆಮನೆಯನ್ನು ಪಕ್ಕದ ಕೋಣೆಗೆ ಬದಲಾಯಿಸಿದ್ದರು. ಸಿಲಿಂಡರ್ ಹೊರಗಿಟ್ಟು, ಗೋಡೆಯಲ್ಲಿ ಹೊಸ ಪೈಪು ಎಳೆದು, ಹಳೆಯ ಒಲೆಯನ್ನೇ ಜೋಡಿಸಬೇಕಿತ್ತು.

ಮೂಗಣ್ಣ ತನ್ನ ಜೀವಮಾನದ ಅತಿ ಅಚ್ಚುಕಟ್ಟಾದ ಕೆಲಸ ಮಾಡಿದ. ಪ್ರತಿ ಜಾಯಿಂಟಿಗೂ ನೊರೆ ಹಚ್ಚಿ, ಮಂಡಿಯೂರಿ, ಟಾರ್ಚು ಹಿಡಿದು ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಸಾಮಾನು ಚೀಲಕ್ಕೆ ತುಂಬುತ್ತಿದ್ದಾಗ ಅಡುಗೆಯಾಕೆ ಮೂಗು ಸುಕ್ಕಿಸಿದಳು. ತಲೆ ನರೆತ ದಪ್ಪ ಹೆಂಗಸು.

"ಅಣ್ಣಾ, ಯಾಕೋ ಗ್ಯಾಸ್ ವಾಸನೆ ಬಂದಂಗಾಯ್ತು."

ಅವನ ಕೈ ಚೀಲದಲ್ಲೇ ನಿಂತಿತು. ಮತ್ತೆ ನೊರೆ ಹಚ್ಚಿದ. ಗುಳ್ಳೆಯಿಲ್ಲ. ಹಿಂದೆಯಾದರೆ ಮೂಗು ಹೋದ ಕಡೆ ಹೋಗಿ ಚಿಟಿಕೆಯಲ್ಲಿ ಹಿಡಿಯುತ್ತಿದ್ದ. ಈಗ ಆ ಅಡುಗೆಮನೆಯ ನಡುವೆ ಕಣ್ಣು ಕಟ್ಟಿ ಬಿಟ್ಟವನಂತೆ ನಿಂತಿದ್ದ.

"ಈಗ್ಲೂ ಬರ್ತಿದೆಯಾ ಅಕ್ಕಾ?"

"ಒಂದ್ಸಲ ಬರುತ್ತೆ, ಒಂದ್ಸಲ ಇಲ್ಲ. ನಿಮಗೇ ಗೊತ್ತಾಗ್ಬೇಕಲ್ಲ?"

"ಹೊಸ ಪೈಪಲ್ವಾ" ಎಂದ ಮೂಗಣ್ಣ. ಮಾತು ಅವನದೇ ಬಾಯಿಂದ ಬರುತ್ತಿತ್ತು. "ಮೊದಲನೇ ದಿನ ಹಂಗಿರುತ್ತೆ. ಸಂಜೆಗೆ ಹೋಗುತ್ತೆ."

"ಸರಿ ಬಿಡಿ. ಲೈಸೆನ್ಸ್ ಇರೋರು ಹೇಳಿದ ಮೇಲೆ ಮುಗೀತು."

ಅವನು ಹೊರಡುವಾಗ ಪಕ್ಕದ ಕೋಣೆಯಲ್ಲಿ ಊಟ ಮುಗಿಸಿದ ಮಕ್ಕಳನ್ನು ಮಲಗಿಸುತ್ತಿದ್ದರು. ಆ ಕೋಣೆ ಅಡುಗೆಮನೆಗಿಂತ ಒಂದು ಮೆಟ್ಟಿಲು ಕೆಳಗಿತ್ತು. ನೆಲಕ್ಕೆ ಚಾಪೆ ಹಾಸಿ ಪುಟಾಣಿಗಳನ್ನು ಸಾಲಾಗಿ ಮಲಗಿಸಿದ್ದರು. ಒಂದು ಮಗು ನಿದ್ದೆ ಬರದೆ ಕಾಲಾಡಿಸುತ್ತ ಅವನನ್ನೇ ನೋಡಿತು.

ಬೀದಿಯ ತಿರುವಿನವರೆಗೆ ನಡೆದ. ಅಲ್ಲಿ ಕಾಲು ನಿಂತುಹೋಯಿತು. ಸೋರಿದ ಗ್ಯಾಸ್ ಗಾಳಿಗಿಂತ ಭಾರ. ಅದು ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಮಕ್ಕಳು ಮಲಗಿದ್ದು ಆ ತಗ್ಗಿನಲ್ಲೇ. ಚೀಲ ಅಲ್ಲೇ ಬಿಸಾಡಿ ಓಡಿದ. ಹೊರಗಿನ ಸಿಲಿಂಡರಿನ ವಾಲ್ವ್ ಮುಚ್ಚಿದ. "ಮಕ್ಕಳನ್ನ ಆಚೆ ತನ್ನಿ! ಸ್ವಿಚ್ ಮುಟ್ಬೇಡಿ! ಫ್ಯಾನಿಗೆ ಕೈ ಹಾಕ್ಬೇಡಿ!" ಎಂದು ಅರಚುತ್ತ ಕಿಟಕಿಗಳನ್ನು ತೆರೆದ. ಅಡುಗೆಯಾಕೆ, ಆಯಾಗಳು, ಶಿಶುವಿಹಾರದ ಮೇಡಂ, ಎಲ್ಲರೂ ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತು ಅಂಗಳಕ್ಕೆ ಬಂದರು. ಬೀದಿಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದ. "ಬೇಗ ಬಾ. ನಿನ್ನ ಮೂಗು ಬೇಕು" ಎಂದಷ್ಟೇ ಹೇಳಿದ.

ಅವಳು ಕತ್ತಿನಲ್ಲಿ ಅಳತೆಯ ಟೇಪಿನೊಂದಿಗೇ ಓಡಿ ಬಂದಳು. ಏನನ್ನೂ ಕೇಳದೆ ಒಳಗೆ ಹೋದಳು. ಮಕ್ಕಳ ಕೋಣೆಯಲ್ಲಿ ನಿಂತು ತಲೆಯಾಡಿಸಿದಳು, ಏನೂ ಇಲ್ಲ ಎಂಬಂತೆ. ಆಮೇಲೆ ಬಗ್ಗಿ, ಚಾಪೆಯ ಹತ್ತಿರ ಮುಖ ತಂದಳು. ಹಾಗೇ ಮಂಡಿಯೂರಿದಳು.

"ಇಲ್ಲಿದೆ ರೀ" ಎಂದಳು ಸಣ್ಣ ದನಿಯಲ್ಲಿ. "ನಿಂತ್ರೆ ಇಲ್ಲ. ಕೆಳಗೆ ಇದೆ. ಈ ಚಾಪೆ ಮೇಲೇ ಇದೆ."

ಗಾಳಿಯೆಲ್ಲ ಬದಲಾದ ಮೇಲೆ ಮೂಗಣ್ಣ ವಾಲ್ವನ್ನು ಸ್ವಲ್ಪವೇ ಬಿಟ್ಟ. ಅವಳು ಒಲೆಯ ಸುತ್ತ ಮೂಸುತ್ತ ಹೋಗಿ ಒಂದು ಕಡೆ ಬೆರಳಿಟ್ಟಳು. ಅವನ ಯಾವ ಜಾಯಿಂಟಿನಲ್ಲೂ ಅಲ್ಲ; ಹಳೆಯ ಒಲೆಯ ನಾಬಿನ ಹಿಂದೆ, ನೊರೆ ಹಚ್ಚಲು ಯಾರಿಗೂ ತೋಚದ ಸಂದಿಯಲ್ಲಿ. ಅವನು ಅಲ್ಲಿ ನೊರೆ ಸವರಿದ. ಒಂದರ ಹಿಂದೊಂದು ಗುಳ್ಳೆ ನಿಧಾನವಾಗಿ ಊದಿ ಒಡೆದವು.

ಮೇಡಂ ಅವನ ಕೈ ಹಿಡಿದುಕೊಂಡರು. "ನೀವು ವಾಪಸ್ ಬರದೇ ಇದ್ದಿದ್ರೆ..." ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಅವನು ಊರಿಗೆಲ್ಲ ದೇವರಾಗುತ್ತಿದ್ದ. ಹೆಂಡತಿ ಕಣ್ಣಲ್ಲೇ ಬೇಡ ಅಂದಳು. ಆದರೆ ಅವನು, "ನಂಗೆ ವಾಸನೆ ಬರಲ್ಲ ಮೇಡಂ. ಆಗ್ಲೂ ಬರ್ತಿರ್ಲಿಲ್ಲ. ಆ ಅಕ್ಕ ಕೇಳಿದಾಗ ಸುಳ್ಳು ಹೇಳಿ ಹೋದೆ" ಎಂದುಬಿಟ್ಟ.

ಮೇಡಂ ಕೈ ಬಿಟ್ಟರು. ಅಂಗಳದಲ್ಲಿ ಕಂಬಳಿ ಹೊದ್ದು ಕೂತಿದ್ದ ಮಕ್ಕಳ ಕಡೆ ಒಮ್ಮೆ ನೋಡಿದರು. "ಹೊರಗೆ ಹೋಗಿ" ಎಂದರು, ದನಿ ಏರಿಸದೆ. ಅಡುಗೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಅವನು ಲೈಸೆನ್ಸ್ ಹಿಡಿದು ಪರೀಕ್ಷಕರ ಮುಂದೆ ನಿಂತ. ಎಲ್ಲವನ್ನೂ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು.

"ವಾಪಸ್ ತಗೊಳ್ಳೋದು ನಮ್ಮಲ್ಲಿಲ್ಲಪ್ಪ. ಕೊಡೋದಿದೆ, ಕಿತ್ಕೊಳ್ಳೋದಿದೆ, ಅಷ್ಟೇ."

"ಹಂಗಾದ್ರೆ ಕಿತ್ಕೊಳ್ಳಿ ಸರ್."

"ಕೋಣೆಯಲ್ಲಿ ಹೆಂಗೆ ಹೇಳ್ದೆ ಮತ್ತೆ?"

"ನಿಮ್ಮ ಫೋನ್ ನೋಡಿ."

ಅವರ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಬೈಯುತ್ತಾರೆ ಅಂದುಕೊಂಡಿದ್ದ. ಅವರು ಬೈಯಲಿಲ್ಲ, ಲೈಸೆನ್ಸ್ ತೆಗೆದುಕೊಂಡು ಡ್ರಾಯರಿಗೆ ಹಾಕಿದರು. "ಇನ್ನೆಷ್ಟು ಜನಕ್ಕೆ ಕೊಟ್ಟಿದೀನೋ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಮೂಗಣ್ಣನಿಗೆ ಪೈಪುಗಳ ತುದಿಗೆ ತಿರುಪಿನ ಗೆರೆ ಕೊರೆಯುವ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮೂಗಿನ ಹಂಗಿಲ್ಲ. ಸಂಬಳ ಹೇಳಿಕೊಳ್ಳುವಂತಿಲ್ಲ. ಇದ್ದ ಮನೆ ಬಿಟ್ಟು, ಅತ್ತೆಯನ್ನು ಕುರ್ಚಿ ಸಮೇತ ಹೊತ್ತು, ಹೊಲಿಗೆ ಮೆಷಿನ್ ಇಟ್ಟರೆ ಓಡಾಡಲು ಜಾಗವಿಲ್ಲದ ಒಂದೇ ಕೋಣೆಗೆ ಬಂದರು. ಅತ್ತೆ ಹೊಸ ಜಾಗದಲ್ಲಿ ಜೋಕು ಮಾಡಲಿಲ್ಲ.

ಹೆಂಡತಿ ಅವನೊಂದಿಗೆ ಮಾತು ಬಿಟ್ಟಿದ್ದಳು. ಲೈಸೆನ್ಸ್ ಕೊಟ್ಟು ಬಂದದ್ದಕ್ಕೆ ಸಿಟ್ಟು ಎಂದೇ ಅವನು ತಿಳಿದಿದ್ದ. ಒಂದು ಸಂಜೆ ಅವಳು ಹೊಲಿಯುತ್ತಿದ್ದವಳು ತಟ್ಟನೆ ಎದ್ದು ಹೋಗಿ ಒಲೆಯ ನಾಬ್ ಮುಟ್ಟಿ ನೋಡಿದಳು, ಬಂದು ಕೂತಳು, ಮತ್ತೆ ಎದ್ದಳು.

"ಏನಾಯ್ತೇ? ವಾಸನೆ ಬರ್ತಿದೆಯಾ?" ಎಂದ ಗಾಬರಿಯಿಂದ.

"ಇಲ್ಲ ಅಂತ ಗೊತ್ತು" ಎಂದಳು ಅವಳು. ಎಷ್ಟೋ ದಿನದ ಮೇಲೆ ಆಡಿದ ಮಾತು. "ಆದ್ರೂ ಬರುತ್ತೆ. ಹೇಗಾದ್ರೂ ಪಾಸಾಗಿ ಬನ್ನಿ ಅಂದೋಳು ನಾನಲ್ವಾ? ಆ ಚಾಪೆ ಹತ್ರ ಮೂಗಿಟ್ಟೆನಲ್ಲ, ಆವತ್ತಿಂದ ಹೋಗಿಲ್ಲ ರೀ. ಊಟಕ್ಕೆ ಕೂತ್ರೂ ಅದೇ, ಮಲಗಿದ್ರೂ ಅದೇ."

ಅವನು ಎದ್ದು ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಪೂರ್ತಿ ತೆರೆದಿಟ್ಟು, ಅವಳ ಪಕ್ಕದಲ್ಲಿ ನೆಲದ ಮೇಲೆ ಬಂದು ಕೂತ.