ಮೊದಲು ದಾಟಬೇಕಿದ್ದವಳು

ಕಿಟಕಿಯ ಗಾಜಿಗೆ ಆವಿ ಹತ್ತುತ್ತಿದೆ, ಸಾರು ಕುದಿಯುತ್ತಿದೆ, ಅಮ್ಮನ ಮೂಗಿನ ಹೊಳ್ಳೆ ಅರಳಿತು — ಹನ್ನೊಂದು ದಿನಗಳಲ್ಲಿ ಮೊದಲ ಸಲ, ಅಂಗಡಿಯ ಕೋಳಿ ಬೇಡ, ಡಬ್ಬಿಯ ಸೂಪು ಬೇಡ, ಬರೀ ಚಹಾ, ಗೋಡೆಯ ಕಡೆ ಮುಖ ಮಾಡಿ ಮಲಗಿದವಳು, ಎಫೀ, ಕ್ಯಾರಿಬು ಬಂದ್ವೇನೇ, ಇಲ್ಲಮ್ಮ, ಸೆಪ್ಟೆಂಬರ್ ಮುಗೀತು, ಇನ್ನೂ ಹಿಮಾನೇ ಬಿದ್ದಿಲ್ಲ, ಬಂದ್ರೆ ತಿಂತೀನಿ, ಇಲ್ದಿದ್ರೆ ಬಿಡು, ಸಾಯೋಕೆ ಯಾರ ಅಪ್ಪಣೆ ಬೇಕು — ಅದಕ್ಕೇ ನಾನು ದೋಣಿ ಹತ್ತಿದ್ದು, ಚಿಕ್ಕಮ್ಮನ ಮಗ ಎನಕ್ ಜೊತೆ, ನ್ಯಾಷನಲ್ ಪಾರ್ಕಿನಲ್ಲಿ ಚಳಿಗಾಲಕ್ಕೆ ವಲಸೆ ಬರುವ ಕ್ಯಾರಿಬು ಸಾರಂಗಗಳನ್ನು ಎಣಿಸುವುದೇ ಅವನ ಕೆಲಸ, ನದಿಗೆ ಎದುರಾಗಿ ಎರಡು ದಿನ, ಪಾರ್ಕಿನ ಗಡಿ ದಾಟಿದ ಮೇಲೆ ಹೊಗೆಯಿಲ್ಲ ದನಿಯಿಲ್ಲ, ಹಳದಿ ಪೊದೆ, ಬೋಳು ಗುಡ್ಡ, ಆಕಾಶ ನೋಡುತ್ತ ಬಿದ್ದಿರುವ ಸಾವಿರ ಕೆರೆಗಳು, ಹಂಸಗಳೂ ಹೋಗಿಯಾಗಿದೆ, ಮೂರನೆಯ ಬೆಳಿಗ್ಗೆ ಆಚೆ ದಂಡೆಯಲ್ಲಿ ಅವು, ಏಳೇ ಏಳು, ಮುಂದೆ ಒಂದು ಮುದಿ ಹೆಣ್ಣು, ನೀರಿಗೆ ಮೂಗು ತಾಗಿಸಿ ನಿಲ್ಲುತ್ತದೆ, ಬಂದೂಕು ನನ್ನ ಭುಜದಲ್ಲಿದೆ, ಇಳಿಸೇ, ಎನಕ್ ಪಿಸುಗುಡುತ್ತಾನೆ, ಮುಂದೆ ಬರೋವನ್ನ ಹೊಡೀಬಾರ್ದು, ಅವು ದಾಟಿದ್ರೆ ಹಿಂದೆ ಸಾವಿರ ದಾಟ್ತವೆ, ದೊಡ್ಡಮ್ಮನೇ ತಾನೆ ನಮ್ಮ ಕಿವಿ ಹಿಂಡಿ ಕಲಿಸಿದ್ದು, ಹೌದು ಕಣೋ, ಹೋದ ವರ್ಷ ದಾಟೋಕೆ ಬಿಟ್ವಲ್ಲ, ಎಲ್ಲಿ ನಿನ್ನ ಸಾವಿರ, ಈ ಸಲವೂ ಬರದಿದ್ರೆ ನಿನ್ನ ಎಣಿಕೆ ಪುಸ್ತಕ ಬೇಯಿಸಿ ಹಾಕಲಾ ನಿಮ್ಮ ದೊಡ್ಡಮ್ಮಂಗೆ — ಗುಂಡು ಹಾರಿತು, ಮುದಿ ಹೆಣ್ಣು ನೀರಿನಲ್ಲೇ ಮೊಣಕಾಲೂರಿತು, ಉಳಿದ ಆರು ಬಂದ ದಾರಿಗೇ ತಿರುಗಿ ಓಡಿದವು, ಎನಕ್ ಚರ್ಮ ಸುಲಿಯಲು ಕೈಹಾಕಿದ, ಮರುದಿನವೆಲ್ಲ ಕಾದೆವು, ನದಿ ಸುಮ್ಮನೆ ಹರಿಯಿತು, ಖಾಲಿ — ಈಗ ಅಮ್ಮ ಎದ್ದು ಕೂತಿದ್ದಾಳೆ, ಕ್ಯಾರಿಬು ನಾಲಗೆಯ ಮೆದು ತುಂಡು ಅವಳ ಬಾಯಲ್ಲಿ, ಕಣ್ಣು ಮುಚ್ಚಿ ಅಗಿಯುತ್ತಾಳೆ, ಮುಖಕ್ಕೆ ಬಣ್ಣ ಬರುತ್ತಿದೆ, ಸದ್ಯ, ಉಳಿದಳು, ಎಷ್ಟು ಬೈದರೂ ಬೈಯಲಿ, ಉಳಿದಳು — ಬಲಿತ ಹೆಣ್ಣು ಅಲ್ವೇನೇ ಇದು, ಇದಕ್ಕಿಂತ ಮುಂಚೆ ಎಷ್ಟು ದಾಟಿದ್ವು, ತುಂಬಾ ಅಮ್ಮ, ನದಿ ತುಂಬ, ಒಲೆಯ ಕಡೆ ತಿರುಗಿ ಹೇಳುತ್ತೇನೆ, ಸೌದೆ ಸರಿಸುವ ನೆಪ, ಹಂಗಾದ್ರೆ ಊರಲ್ಲಿ ಯಾರ ಮನೇಲೂ ಮಾಂಸ ಹೊಗೆಗಿಟ್ಟ ವಾಸನೆ ಯಾಕಿಲ್ಲ, ಎಫೀ, ಈ ಕಡೆ ನೋಡು — ನೋಡುತ್ತೇನೆ, ಬೈಯುವುದಿಲ್ಲ ಅವಳು, ಉಗುಳುವುದಿಲ್ಲ, ನುಂಗುವುದೂ ಇಲ್ಲ, ದವಡೆ ನಿಂತಿದೆ, ಒಂದು ಕೆನ್ನೆ ಉಬ್ಬಿದೆ, ಕೆನ್ನೆಯೊಳಗೆ ಆ ತುಂಡು, ನುಂಗಮ್ಮ, ಕೆನ್ನೆಯೊಳಗೆ ಆ ತುಂಡು —