ಹಾಡಿನ ನಡುವೆ ಶಾಲು

ಮುನೀಂದ್ರನ ಕಂಪನಿಯಲ್ಲಿ ನವೆಂಬರ್ ಬಂತೆಂದರೆ ಎಲ್ಲರಿಗೂ ಕನ್ನಡ ನೆನಪಾಗುತ್ತದೆ. ವೈಟ್‌ಫೀಲ್ಡಿನ ಆ ಗಾಜಿನ ಕಟ್ಟಡದ ಬಾಗಿಲಿಗೆ ಹಳದಿ ಕೆಂಪು ಬಟ್ಟೆ ಇಳಿಬೀಳುತ್ತದೆ. ವರ್ಷವಿಡೀ 'ಕನ್ನಡ ಗೊತ್ತಿಲ್ಲ' ಎನ್ನುತ್ತಿದ್ದವರು ಪಂಚೆ ಉಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ರಾಜ್ಯೋತ್ಸವದ ಹೊಣೆ ಮಾತ್ರ ಪ್ರತಿ ಸಲ ಮುನೀಂದ್ರನ ತಲೆಗೇ. ದೊಡ್ಡನೆಕ್ಕುಂದಿಯಲ್ಲಿ ಹುಟ್ಟಿ ಬೆಳೆದವನು, ಇಲ್ಲಿಯವನೇ, ಇವನು ಮಾಡದೆ ಇನ್ಯಾರು ಮಾಡಬೇಕು ಎಂದು ಎಲ್ಲರ ವಾದ. ಯಾರಿಗೂ ಇಲ್ಲ ಎನ್ನಲಾಗದ್ದು ಅವನ ಹಳೆಯ ಕಾಯಿಲೆ. ಅದನ್ನು ಜನ ಒಳ್ಳೆಯತನ ಎಂದುಕೊಂಡಿದ್ದರು, ಅವನೂ ಹಾಗೆಂದೇ ನಂಬಿದ್ದ.

ಈ ಸಲ ಯಾರನ್ನು ಕರೆಸೋಣ ಎಂಬ ಮಾತು ಬಂದಾಗ ಅವನ ಬಾಯಿಂದ ಮುರಿಗೆಪ್ಪನವರ ಹೆಸರು ಬಂದುಬಿಟ್ಟಿತು.

ಮುರಿಗೆಪ್ಪ ಹಾವೇರಿ ಕಡೆಯವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಲೇ ಜೊತೆಯವರನ್ನು ಕಟ್ಟಿಕೊಂಡು, ತಗಡು ಒತ್ತುವ ಯಂತ್ರದ ಹೆಸರನ್ನೇ ಇಟ್ಟು, 'ಪವರ್ ಪ್ರೆಸ್' ಎಂಬ ರಾಕ್ ಬ್ಯಾಂಡ್ ಮಾಡಿದ್ದರು. ಒಂದು ಕಾಲಕ್ಕೆ ಕಾಲೇಜಿನ ಹಬ್ಬಗಳಲ್ಲಿ ಅವರು ವೇದಿಕೆ ಹತ್ತಿ ಕಿರುಚಿದರೆ ಹುಡುಗರು ಕುರ್ಚಿ ಮುರಿಯುತ್ತಿದ್ದರು. ಆಮೇಲೆ ಬ್ಯಾಂಡ್ ಒಡೆಯಿತು. ಮುರಿಗೆಪ್ಪ ಒಬ್ಬರೇ ಕೂತು 'ವಾರದ ರಜೆ' ಎಂಬ ಆಲ್ಬಂ ಮಾಡಿದರು. ಅದರಲ್ಲಿ ಡ್ರಮ್ ಇಲ್ಲ, ಕಿರುಚಾಟ ಇಲ್ಲ, ಗಿಟಾರು ಮತ್ತು ಗಂಟಲು ಅಷ್ಟೆ. ರಾಜಗೋಪಾಲನಗರದ ಬಾಡಿಗೆ ಮನೆಯಲ್ಲೇ ರೆಕಾರ್ಡ್ ಮಾಡಿದ್ದು, ಕಿವಿಗೊಟ್ಟರೆ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಕೇಳಿಸುತ್ತದೆ. ಬ್ಯಾಂಡಿನ ಅಭಿಮಾನಿಗಳು ಬೈದರು. ಉಳಿದವರಿಗೆ ಅದು ಬಂದದ್ದೇ ಗೊತ್ತಾಗಲಿಲ್ಲ.

ಮುನೀಂದ್ರನಿಗೆ ಅದು ಸಿಕ್ಕಿದ್ದು ಮಾರತ್ತಹಳ್ಳಿಯ ಒಂದು ಸಿ.ಡಿ. ಅಂಗಡಿಯಲ್ಲಿ. ಡಿಪ್ಲೊಮಾದಲ್ಲಿ ಫೇಲಾಗಿ, ಮನೆಯಲ್ಲಿ ಬಾಯಿಬಿಡದೆ, ಕಾಲೇಜಿಗೆಂದು ಹೊರಟು ದಿನವಿಡೀ ಬಸ್ಸಿನಲ್ಲಿ ಸುತ್ತುತ್ತಿದ್ದ ವರ್ಷ ಅದು. ಆ ಹಾಡುಗಳು ಅವನಿಗೆ ಧೈರ್ಯ ಹೇಳಲಿಲ್ಲ, ಎದ್ದೇಳು ಗೆಲ್ಲು ಎಂದು ಉಪದೇಶ ಮಾಡಲಿಲ್ಲ. ಅದಕ್ಕೇ ಅವನಿಗೆ ಹಿಡಿಸಿದವು. ಆಲ್ಬಮ್ಮಿನ ಹೆಸರಿನದೇ ಹಾಡಿನಲ್ಲಿ ಒಬ್ಬ ಕೆಲಸಗಾರ ರಜೆಯ ದಿನ ತನ್ನ ಯೂನಿಫಾರಂ ಒಗೆದು ಹಾಕುತ್ತಾನೆ. ಅದು ಒಣಗುವವರೆಗೆ ಹಾಕಿಕೊಳ್ಳಲು ಬೇರೆ ಬಟ್ಟೆಯಿಲ್ಲ, ಬಾಗಿಲು ಮುಚ್ಚಿಕೊಂಡು ಒಳಗೆ ಕೂರುತ್ತಾನೆ. ಎರಡು ಚರಣ ಆದಮೇಲೆ ಗಿಟಾರ್ ನಿಂತುಹೋಗುತ್ತದೆ. ಮುಗಿಯಿತು ಎಂದುಕೊಳ್ಳುವಷ್ಟು ಹೊತ್ತು ಏನೂ ಸದ್ದಿಲ್ಲ. ಆಮೇಲೆ ಬರೀ ಗಂಟಲಲ್ಲಿ ಕೊನೆಯ ಚರಣ ಬರುತ್ತದೆ, ಒದ್ದೆ ಬಟ್ಟೆಯನ್ನೇ ತೊಟ್ಟುಕೊಂಡು ಆ ಮನುಷ್ಯ ಬಾಗಿಲು ತೆಗೆಯುತ್ತಾನೆ. ಆ ಚರಣ ಕೇಳಿಕೊಂಡೇ ಮುನೀಂದ್ರ ಒಂದು ದಿನ ಬಸ್ಸಿಳಿದು ಮನೆಗೆ ಹೋಗಿ ಅಪ್ಪನ ಮುಂದೆ ನಿಜ ಹೇಳಿದ್ದ. ಅಪ್ಪ ಬೈದರು, ಊಟಕ್ಕೆ ಕರೆದರು. ಅಲ್ಲಿಂದಾಚೆಗೆ ಬದುಕು ಹೇಗೋ ದಡ ಹತ್ತಿತು.

ಇಂಥ ಪ್ರೀತಿಯನ್ನು ಅವನು ಕಳ್ಳಮಾಲಿನ ಹಾಗೆ ಬಚ್ಚಿಟ್ಟಿದ್ದ. ಒಮ್ಮೆ ಆಫೀಸಿನ ಟ್ರಿಪ್ಪಿನಲ್ಲಿ ಬಸ್ಸಿನ ಸ್ಪೀಕರಿಗೆ ಹಾಕಿದಾಗ ಹಿಂದಿನ ಸೀಟಿನವನೊಬ್ಬ, "ಯಾರ್ ಮನೇಲಿ ಸಾವು, ಗುರು?" ಎಂದಿದ್ದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕು ಹಾಡು ಬದಲಾಯಿಸಿದವನು ಮುನೀಂದ್ರನೇ.

ಫೋನ್ ಮಾಡಿ ಕರೆದಾಗ ಮುರಿಗೆಪ್ಪ ಮೊದಲು ಒಪ್ಪಲಿಲ್ಲ. ಬ್ಯಾಂಡಿನ ಹಾಡು ಕಿರುಚಲು ಈಗ ಗಂಟಲಿಲ್ಲ ಎಂದರು.

"ಅದು ಬೇಡ ಸಾರ್. 'ವಾರದ ರಜೆ' ಹಾಡಿ. ಆ ಆಲ್ಬಂ ಅಂದ್ರೆ ನಂಗೆ ಪ್ರಾಣ" ಎಂದ ಮುನೀಂದ್ರ.

ಮುರಿಗೆಪ್ಪ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು.

"ಅದನ್ನ ಕೇಳೀಯೇನ್ ತಮ್ಮಾ ನೀ? ಹಂಗಾರ ಬರ್ತೀನಿ ತಗೋ."

ಕಾರ್ಯಕ್ರಮ ಕ್ಯಾಂಟೀನಿನಲ್ಲಿ, ಊಟದ ನಂತರ. ಮುರಿಗೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ನಿರೂಪಣೆಗೆ ನಿಂತಿದ್ದ ಪ್ರಿಯಾಂಕಾ, 'ಪವರ್ ಪ್ರೆಸ್' ಹೆಸರು ಹೇಳಿ ಅಬ್ಬರದಿಂದ ಪರಿಚಯ ಮಾಡಿದಳು. ಜನ ಕುಣಿಯಲು ತಯಾರಾಗಿ ಎದ್ದು ನಿಂತರು. ಅವರು ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಗಿಟಾರ್ ಮೀಟಿ 'ವಾರದ ರಜೆ' ಹಾಡನ್ನು ಎತ್ತಿಕೊಂಡರು.

ಮೊದಲ ಸಾಲಿಗೇ ಮುನೀಂದ್ರನ ಕಣ್ಣು ತುಂಬಿತು. ಅದೇ ದನಿ, ಈಗ ಇನ್ನಷ್ಟು ಒರಟಾಗಿ, ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಿಂದಲ್ಲ, ಎದುರಿಗೇ ಬರುತ್ತಿತ್ತು. ಆದರೆ ಸುತ್ತಲಿನವರು ಒಬ್ಬೊಬ್ಬರಾಗಿ ಕೂತರು, ಕೂತವರು ಫೋನ್ ತೆಗೆದರು. ಹಿಂದಿನಿಂದ ಯಾರೋ ಸಿನಿಮಾ ಹಾಡು ಬೇಕು ಎಂದು ಕೂಗಿದರು. ಎರಡನೆಯ ಚರಣದ ಹೊತ್ತಿಗೆ ಆಫೀಸಿನ ಮುಖ್ಯಸ್ಥ ಸಿದ್ಧಾರ್ಥ್ ಅವನ ಕಡೆ ವಾಲಿದ.

"ಮುನಿ, ಏನಪ್ಪಾ ಇದು, ಎನರ್ಜಿನೇ ಇಲ್ಲ. ಯಾರು ಕರೆಸಿದ್ದು ಇವ್ರನ್ನ?"

ನಾನು ಎಂದರೆ ಮುಗಿಯುತ್ತಿತ್ತು. ಕೆಲಸ ಹೋಗುತ್ತಿರಲಿಲ್ಲ, ಮಾನವೂ ಹೋಗುತ್ತಿರಲಿಲ್ಲ.

"ಯಾರೋ ಹೇಳಿದ್ರು ಸಾರ್" ಎಂದ ಮುನೀಂದ್ರ.

"ಸನ್ಮಾನ ಮುಗಿಸ್ಬಿಡಿ. ಆಮೇಲೆ ಡಿಜೆ ಹಾಕ್ಸಿ."

ವೇದಿಕೆಯಿಂದ ಒಬ್ಬರನ್ನು ಇಳಿಸಲು ನಮ್ಮಲ್ಲಿ ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ. ಭಾಷಣ ಉದ್ದವಾದರೆ ಚೀಟಿ ಕೊಡುತ್ತೇವೆ, ಚೀಟಿಗೂ ಜಗ್ಗದಿದ್ದರೆ ಶಾಲು ತರುತ್ತೇವೆ. ಶಾಲು ಹೊದಿಸಿಕೊಂಡವರು ಮಾತು ಮುಂದುವರಿಸಿದ್ದನ್ನು ಯಾರೂ ಕಂಡಿಲ್ಲ. ಮುನೀಂದ್ರ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇದ್ದ ತಟ್ಟೆಯ ಬಳಿ ಹೋಗಿ ನಿಂತ. ಹಾಡು ಪೂರ್ತಿಯಾಗಲಿ, ಆಮೇಲೆ ಹತ್ತುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಅಷ್ಟರಲ್ಲಿ ಗಿಟಾರ್ ನಿಂತಿತು. ಮುರಿಗೆಪ್ಪ ಕಣ್ಣು ಮುಚ್ಚಿ ತಲೆ ತಗ್ಗಿಸಿದರು. ಜನ ಹಾಡು ಮುಗಿಯಿತೆಂದು ಚಪ್ಪಾಳೆ ಹೊಡೆದರು, ಪೀಡೆ ತೊಲಗಿತು ಎನ್ನುವಂಥ ಚಪ್ಪಾಳೆ. ಮುಗಿದಿಲ್ಲ ಎಂದು ಅಷ್ಟು ದೊಡ್ಡ ಕ್ಯಾಂಟೀನಿನಲ್ಲಿ ಗೊತ್ತಿದ್ದವನು ಮುನೀಂದ್ರ ಒಬ್ಬನೇ. ಸಿದ್ಧಾರ್ಥ್ ಕೈಸನ್ನೆ ಮಾಡಿದ. ಮುನೀಂದ್ರನ ಕಾಲು ಮೆಟ್ಟಿಲು ಹತ್ತಿತು.

ಮುರಿಗೆಪ್ಪ ಕೊನೆಯ ಚರಣಕ್ಕೆ ಉಸಿರೆಳೆದುಕೊಂಡು ಬಾಯಿ ತೆರೆದಾಗ ಹೆಗಲ ಮೇಲೆ ಶಾಲು ಬಿತ್ತು. ಬೆಚ್ಚಿ ಕಣ್ಣು ಬಿಟ್ಟರು. ಎರಡೂ ಕೈ ಗಿಟಾರಿನ ಮೇಲಿದ್ದರಿಂದ ಏನೂ ಮಾಡುವ ಹಾಗಿರಲಿಲ್ಲ. ಮುನೀಂದ್ರ ಅವರ ತಲೆಗೆ ಪೇಟ ಇಟ್ಟ. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಜಾರಿತು. ಫೋಟೊದವನು ಇಬ್ಬರನ್ನೂ ಈ ಕಡೆ ನೋಡಿ ಎಂದ, ಇಬ್ಬರೂ ನೋಡಿದರು. ಪ್ರಿಯಾಂಕಾ ಆಗಲೇ ಡಿಜೆಯ ಹೆಸರು ಕೂಗುತ್ತಿದ್ದಳು. ಮುನೀಂದ್ರನಿಗೆ ತನ್ನ ಕೈಗಳನ್ನು ಎಲ್ಲಾದರೂ ಬಿಸಾಡಿ ಬರಬೇಕು ಅನ್ನಿಸಿತು.

ಕ್ಯಾಬ್ ಬರುವವರೆಗೆ ಇಬ್ಬರೂ ಕೆಳಗೆ ಗೇಟಿನ ಬಳಿ ನಿಂತಿದ್ದರು. ಮೇಲಿನಿಂದ ಡಿಜೆಯ ಸದ್ದು ದಬದಬ ಬರುತ್ತಿತ್ತು. ಮುರಿಗೆಪ್ಪ ಶಾಲನ್ನು ನೀಟಾಗಿ ಮಡಿಚಿ ಬುಟ್ಟಿಯ ಮೇಲಿಟ್ಟರು.

"ಒಂದ್ ಮಾತ್ ಕೇಳ್ತೀನಿ ತಮ್ಮಾ, ಬ್ಯಾಸರಾ ಮಾಡ್ಕೋಬ್ಯಾಡ. ಆ ಆಲ್ಬಂ ನೀ ಕೇಳಿಲ್ಲ, ಹೌದಲ್ಲೋ? ಕೇಳಿದ್ರ ಅಲ್ಲಿ ಶಾಲು ತರ್ತಿರ್ಲಿಲ್ಲ. ಹಾಡು ಮುಗದಿಲ್ಲಂತ ಗೊತ್ತಿರ್ತಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮುನೀಂದ್ರ ಕಾಲಿಗೆ ಬೀಳುತ್ತಿದ್ದನೋ ಏನೋ. ಕೇಳಿದ್ದೇನೆ ಎಂದರೆ, ಗೊತ್ತಿದ್ದೂ ಬಾಯಿ ಮುಚ್ಚಿಸಿದವನು ಎಂದಾಗುತ್ತದೆ. ಕೇಳಿಲ್ಲ ಎಂದರೆ, ಫೋನಿನಲ್ಲಿ ಬರೀ ಒಂದು ಸುಳ್ಳು ಹೇಳಿದವನು, ಅಷ್ಟೆ. ಕಲಾವಿದರನ್ನು ಕರೆಸುವವರು ಇಂಥ ಸುಳ್ಳು ಹೇಳುವುದು ಇದ್ದದ್ದೇ, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಅವನು ಸಣ್ಣ ತಪ್ಪನ್ನೇ ಆರಿಸಿಕೊಂಡ.

"ಇಲ್ಲ ಸಾರ್. ಕೇಳಿಲ್ಲ. ಹೆಸರು ಗೊತ್ತಿತ್ತು ಅಷ್ಟೆ. ಕ್ಷಮಿಸಿ."

ಮುರಿಗೆಪ್ಪ ತಲೆಯಾಡಿಸಿದರು. ಅವರ ಮುಖದಲ್ಲಿದ್ದ ಯಾವುದೋ ಒಂದು ಆಸೆ ಸದ್ದಿಲ್ಲದೆ ಇಳಿದುಹೋದದ್ದು ಮುನೀಂದ್ರನಿಗೆ ಕಾಣಿಸಿತು. ಅದನ್ನು ಇಳಿಸಿದವನು ತಾನು ಎಂಬುದೂ.

"ಇರ್ಲಿ ಬಿಡು. ಅದನ್ನ ಕೇಳಿದಾಂವ ಒಬ್ಬಾಂವ ಅದಾನಂತ ಮನ್ಯಾಗ ನನ್ನ ಹೇಣ್ತಿ ಶೇಖವ್ವಗ ಹೇಳಿ ಬಂದಿದ್ನಿ. ಅಕಿ ಈ ಅಂಗಿ ತಾನ ಇಸ್ತ್ರಿ ಮಾಡಿ ಕೊಟ್ಲು."

ಕ್ಯಾಬ್ ಬಂತು. ಕೊನೆಯ ಚರಣ ಅಷ್ಟೂ ಮುನೀಂದ್ರನ ನಾಲಿಗೆಯ ಮೇಲಿತ್ತು. ಒಂದು ಸಾಲು ಗುನುಗಿದ್ದರೆ ಸಾಕಿತ್ತು. ಅವನು ಬಗ್ಗಿ ಹಣ್ಣಿನ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿದ. ಮುರಿಗೆಪ್ಪ ಗಾಜು ಇಳಿಸಿದರು.

"ಕೇಳಿದ್ರ ನಿಂಗ ಹಿಡಸ್ತಿತ್ತು ಅನಸ್ತೈತಿ. ನನ್ನ ಫೋನಿನಾಗ ಐತಿ, ಕಳಸ್ತೀನಿ. ಪುರಸೊತ್ತಾದಾಗ ಒಮ್ಮೆ ಕೇಳು."

"ಕಳ್ಸಿ ಸಾರ್, ಕೇಳ್ತೀನಿ" ಎಂದ ಮುನೀಂದ್ರ.