ಭಾವ ನಾದಿನಿಯ ಧ್ಯೇಯಪತ್ರ

ಇಪ್ಪತ್ತು ವರ್ಷ ಭಾವ ಒಂದು ಪಕ್ಷದ ನಾಯಕರಿಗೆ ಭಾಷಣ ಬರೆದುಕೊಟ್ಟರೆ, ನಾದಿನಿ ಎದುರು ಪಕ್ಷದವರಿಗೆ ಬರೆದುಕೊಟ್ಟಳು. ಮನೆಯಲ್ಲಿ ಊಟಕ್ಕೆ ಕೂತರೂ ಹಾವು ಮುಂಗುಸಿಯ ಕಾದಾಟ. ಕೊನೆಗೆ ಬೈಗುಳ ಬರೆದು ಬರೆದು ಇಬ್ಬರಿಗೂ ಸಾಕಾಯಿತು. ಕೆಲಸ ಬಿಟ್ಟು, ಪೇಟೆಯಲ್ಲಿ ಟೈಲರಮ್ಮನ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು, ಯಾವ ಪಕ್ಷಕ್ಕೂ ಸೇರದ ಅಧ್ಯಯನ ಕೇಂದ್ರವೊಂದನ್ನು ತೆರೆದರು. ಎರಡೂ ಕಡೆಯವರು ಒಪ್ಪಬಹುದಾದ ದಾರಿ ಹುಡುಕುವುದು ಅದರ ಕೆಲಸ.

ಆದರೆ ಕೇಂದ್ರದ ಧ್ಯೇಯಪತ್ರವೇ ಮುಗಿಯಲೊಲ್ಲದು. ಒಂಬತ್ತನೇ ಕರಡನ್ನೂ ಭಾವ ಪಕ್ಕಕ್ಕೆ ತಳ್ಳಿದ.

“ಎಲ್ಲರ ಮಾತೂ ಸರಿ ಅಂತ ಬರೆದಿದ್ದೀಯಲ್ಲಮ್ಮ! ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು.”

“ನೀವೇ ಬರೀರಿ ಭಾವ. ನಿಮ್ಮ ಹಳೇ ಪಕ್ಷದ ಪ್ರಣಾಳಿಕೆ ಆಗತ್ತೆ, ಅಷ್ಟೇ!”

ಅಷ್ಟರಲ್ಲಿ ಕುತ್ತಿಗೆಗೆ ಅಳತೆ ಟೇಪು ಸುತ್ತಿಕೊಂಡೇ ಟೈಲರಮ್ಮ ಮೆಟ್ಟಿಲೇರಿ ಬಂದಳು.

“ಜಗಳ ಆಮೇಲಾಡಿ. ನಮ್ಮ ಬೀದಿಗೆ ಗಾಡಿ ಬಿಡಬೇಕೋ ಬೇಡವೋ ಅಂತ ಶುಕ್ರವಾರ ನಗರಸಭೇಲಿ ಓಟು ಹಾಕ್ತಾರೆ. ಒಂದು ಪಕ್ಷ ನಡೆಯೋರಿಗೇ ಬಿಟ್ಟು ಗಾಡಿಗೆ ಪೂರ್ತಿ ಮುಚ್ಚಿ ಅನ್ನತ್ತೆ, ಇನ್ನೊಂದು ಮುಟ್ಟಲೇಬೇಡಿ ಅನ್ನತ್ತೆ. ನೀವೇನಂತೀರಿ?”

ಇಬ್ಬರೂ ಬಾಯಿ ತೆರೆದರು. ಹೊರಬಂದದ್ದು ಅವರವರ ಹಳೆಯ ಪಕ್ಷದ ಮಾತೇ. ನಾದಿನಿಗೆ ನಾಚಿಕೆಯಾಯಿತು.

“ನಿಜ ಹೇಳಬೇಕಂದ್ರೆ ನಮಗೆ ಗೊತ್ತಿಲ್ಲ. ನಾಲ್ಕು ದಿನ ಕೊಡಿ,” ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೇ ಭಾವ ಬೀದಿಯ ಆ ತುದಿಯಲ್ಲಿ, ನಾದಿನಿ ಈ ತುದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಬರುವ ಹೋಗುವ ಗಾಡಿಗಳನ್ನೂ ಜನರನ್ನೂ ಎಣಿಸಿ ಬರೆದುಕೊಂಡರು. ಎರಡನೇ ದಿನ ಮಧ್ಯಾಹ್ನ ಭಾವ ಹಾಳೆ ಬೀಸುತ್ತ ಓಡಿಬಂದ. ಐವತ್ತೈದರ ಆ ಮನುಷ್ಯ ಓಡಿದ್ದನ್ನು ಅವಳು ಕಂಡಿದ್ದೇ ಇಲ್ಲ.

“ಸರಕಿನ ಗಾಡಿಗಳೆಲ್ಲ ಹೆಚ್ಚುಕಮ್ಮಿ ಒಂಬತ್ತರೊಳಗೇ ಬಂದು ಹೋಗ್ತವೆ ಕಣೇ!”

“ಜನ ತುಂಬೋದು ಹತ್ತರ ಮೇಲೆ!” ಅವಳೂ ಸ್ಟೂಲಿನಿಂದ ಎದ್ದಳು. “ಬೆಳಿಗ್ಗೆ ಗಾಡಿಗೆ, ಆಮೇಲೆ ನಡೆಯೋರಿಗೆ! ಇಬ್ಬರೂ ಬದುಕ್ತಾರೆ ಭಾವ!”

ಒಂದೇ ತೊಡಕು. ಬೀದಿಯ ನಡುವಿನ ಕ್ಲಿನಿಕ್ಕಿಗೆ ನಡೆಯಲಾರದ ರೋಗಿಗಳು ದಿನವಿಡೀ ಬರುತ್ತಿದ್ದರು.

“ಅದನ್ನ ವರದೀಲಿ ಬರೆಯೋದು ಬೇಡ. ಹಿಡ್ಕೊಂಡು ಜಗ್ಗಾಡ್ತಾರೆ,” ಎಂದ ಭಾವ.

“ಮುಚ್ಚಿಟ್ಟರೆ ಇದೂ ಇನ್ನೊಂದು ಭಾಷಣವೇ ಆಗತ್ತೆ.”

ಭಾವ ತಲೆ ಕೆರೆದುಕೊಂಡ. ಆಮೇಲೆ ತಾನೇ ಪೆನ್ನು ಎತ್ತಿಕೊಂಡು ಬರೆದ: ‘ಕ್ಲಿನಿಕ್ಕಿನ ರೋಗಿಗಳಿಗೆ ಇದರಿಂದ ತೊಂದರೆ. ಪರಿಹಾರ ನಮಗೆ ಹೊಳೆದಿಲ್ಲ.’

ಶುಕ್ರವಾರ ನಗರಸಭೆಯಲ್ಲಿ ಭಾವ ಆ ಸಾಲು ಓದುತ್ತಿದ್ದಂತೆ ಸಭೆಯಲ್ಲಿ ಗುಸುಗುಸು ಎದ್ದಿತು. ಗಾಡಿ ಬೇಕು ಎನ್ನುತ್ತಿದ್ದ ಹಿರಿಯ ಸದಸ್ಯನೊಬ್ಬ ಎದ್ದು ನಿಂತ.

“ಹಿಂದಿನ ಓಣಿ ಇದೆಯಲ್ರೀ! ಕ್ಲಿನಿಕ್ಕಿನ ಹಿಂಬಾಗಿಲು ತೆರೆದ್ರಾಯ್ತು!”

ಎದುರು ಸಾಲಿನಿಂದ ಮೊದಲ ಚಪ್ಪಾಳೆ ಬಂತು. ಮೂರು ತಿಂಗಳು ಹಾಗೇ ನಡೆಸಿ ನೋಡೋಣವೆಂದು ಎರಡೂ ಪಕ್ಷಗಳು ಕೈ ಎತ್ತಿದವು. ಗ್ಯಾಲರಿಯಲ್ಲಿ ಟೈಲರಮ್ಮ ಸಿಳ್ಳೆಯನ್ನೇ ಹಾಕಿಬಿಟ್ಟಳು.

ಆ ಸಂಜೆ ಧ್ಯೇಯಪತ್ರ ಅರ್ಧ ಗಂಟೆಯಲ್ಲಿ ಮುಗಿಯಿತು: ‘ಅಭಿಪ್ರಾಯ ಹೇಳುವ ಮೊದಲು ಹೋಗಿ ನೋಡುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇವೆ. ನಮ್ಮ ಸಲಹೆಯ ಕುಂದನ್ನು ನಾವೇ ಮೊದಲು ಹೇಳುತ್ತೇವೆ.’

ಬೆಳಿಗ್ಗೆ ಫೋನು ಬಂತು. ಪಕ್ಕದ ಊರಿನಲ್ಲಿ ಶಾಲೆಯ ವೇಳೆಯ ಬಗ್ಗೆ ರಂಪವಂತೆ. ಭಾವ “ಬರ್ತೀವಿ” ಎನ್ನುವಷ್ಟರಲ್ಲಿ ನಾದಿನಿ ಚಪ್ಪಲಿ ಮೆಟ್ಟಿ ಅರ್ಧ ಮೆಟ್ಟಿಲು ಇಳಿದಾಗಿತ್ತು.